ಹಲಗೆಯ ಹಿಂದಿನ ಗೋಡೆ

ಪಂಜ
18-3-1961

ಪ್ರೀತಿಯ ಅವ್ವನಿಗೆ ಕುಮುದಿನಿಯ ನಮಸ್ಕಾರ.

ನಾವೆಲ್ಲ ಸೌಖ್ಯ. ನನ್ನ ನಾದಿನಿ ಸೀತುವನ್ನು ನೋಡಲು ಸಂಪಾಜೆಯವರು ಬಂದ ದಿನ ನಾನು ನಾಲಗೆ ಉದ್ದ ಮಾಡಿದೆನೆಂದು ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ. ಅದಕ್ಕೆ ಮೊದಲು ನಾನೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಮುಂದಿನ ಚಾವಡಿಯ ಮಣ್ಣಿನ ಗೋಡೆ ನಡುವಿನಲ್ಲಿ ಉಬ್ಬಿತ್ತು. ಎಷ್ಟು ಸುಣ್ಣ ಬಳಿದರೂ ಕಣ್ಣಿಗೆ ಬೀಳುತ್ತಿತ್ತು. ಮಾವ ಆಚಾರಿಯನ್ನು ಕರೆಸಿದರು. ಅವನು ದಾರ ಹಿಡಿದು ಗೋಡೆಗೆ ಮರದ ರೀಪು ಪಟ್ಟಿಗಳನ್ನು ಹೊಡೆದ. ತಗ್ಗಿದ್ದಲ್ಲಿ ಚಕ್ಕೆ ಕೊಟ್ಟು ಸಮ ಮಾಡಿದ. ಮೇಲೆ ಆಳೆತ್ತರಕ್ಕೆ ಹಲಸಿನ ಹಲಗೆ ಕೂರಿಸಿದ. ನಾಲ್ಕೇ ದಿನದಲ್ಲಿ ಚಾವಡಿಯ ಗುರುತೇ ಸಿಗದಂತಾಯಿತು.

ನನ್ನ ಮದುವೆಯ ಮಾತಿಗೆ ಬಂದಾಗ ಇಲ್ಲಿಯ ಒಳಕೋಣೆಯ ಇಂಥದೇ ಹಲಗೆಯನ್ನು ನೀನು ಮೆಚ್ಚಿದ್ದೆ. ಮದುವೆಯಾದ ಮೊದಲ ಮಳೆಗಾಲದ ಒಂದು ಮಧ್ಯಾಹ್ನ ಅದು ಮಣ್ಣಿನ ಸಮೇತ ನನ್ನ ಚಾಪೆಯ ಮೇಲೆ ಬಿತ್ತು. ನೀರು ಕುಡಿಯಲು ಎದ್ದಿದ್ದೆ, ಬದುಕಿದೆ. ನೀನು ಹೆದರುತ್ತೀ ಎಂದು ತಿಳಿಸಲಿಲ್ಲ. ಆ ಗೋಡೆಯ ಸಂಗತಿ ಮನೆಯವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಸೀತುವಿಗೆ ಎಡಗಿವಿ ಕೇಳುವುದಿಲ್ಲ. ಚಿಕ್ಕಂದಿನಲ್ಲಿ ಕಿವಿ ಸೋರಿ ಹಾಗಾದದ್ದು. ಬಂದವರಿಗೆ ಅವಳ ಬಲಗಡೆಯೇ ಕುರ್ಚಿ ಹಾಕಬೇಕೆಂದು ಅತ್ತೆ ಮೊದಲೇ ಹೇಳಿದ್ದರು. ಹಿಂದಿನ ಸಂಜೆ ಸೀತು ನನ್ನ ಕೈ ಹಿಡಿದು, "ಮದುವೆ ಆದ ಮೇಲೆ ಗೊತ್ತಾಗಿ ವಾಪಸು ಕಳಿಸಿದ್ರೆ ಎಂತ ಮಾಡುದು ಅತ್ತಿಗೆ?" ಎಂದು ಕೇಳಿದಳು.

ಬಲಗಡೆಯ ಕುರ್ಚಿಗಳಲ್ಲೆಲ್ಲ ಹಿರಿಯರೇ ಕುಳಿತರು. ಹುಡುಗ ಚೆನ್ನಕೇಶವನಿಗೆ ಸಿಕ್ಕಿದ್ದು ಎಡಗಡೆ. ಅವನು ಮೆಲ್ಲಗೆ ಏನೋ ಕೇಳಿದ. ಸೀತು ತಲೆ ಎತ್ತಲಿಲ್ಲ. ನಾಚಿಕೆ ಎಂದು ಅತ್ತೆ ನಕ್ಕರು. ಹುಡುಗನ ತಂದೆ ತೀರ್ಥರಾಮ ಗೌಡರು ಬೆರಳಿನಿಂದ ಹಲಗೆ ತಟ್ಟಿ, "ಒಳಗೆ ಪೊಳ್ಳು ಉಂಟಲ್ಲ ಮಾರಾಯ್ರೆ, ಎಂತ ಅಡಗಿಸಿದ್ದು?" ಎಂದು ತಮಾಷೆ ಮಾಡಿದರು. ಈಗ ಎಲ್ಲ ಕಡೆ ಹೀಗೆಯೇ ಮಾಡಿಸುತ್ತಾರೆ ಎಂದರು ಮಾವ.

ಕಾಫಿಯ ತಟ್ಟೆ ಹಿಡಿದು ನಿಂತಿದ್ದ ನಾನು, "ಗೋಡೆ ಉಬ್ಬಿ ನಿಂತಿದೆ. ಕಾಣದ ಹಾಗೆ ಹಲಗೆ ಹೊಡೆಸಿದ್ದು. ಅದಕ್ಕೆ ಒರಗಬೇಡಿ" ಎಂದುಬಿಟ್ಟೆ.

ಸೀತುವಿನ ಕಿವಿಯ ಮಾತು ನಾನು ಹೇಳುವಂಥದಲ್ಲ, ಹೇಳಲಿಲ್ಲ. ಆದರೆ ಸೀತು ಎದ್ದು ನಿಂತಳು. "ನನಗೆ ಎಡಗಿವಿ ಕೇಳುದಿಲ್ಲ. ನೀವು ಕೇಳಿದ್ದು ಎಂತ ಅಂತ ಗೊತ್ತಾಗ್ಲಿಲ್ಲ" ಎಂದಳು. ಚೆನ್ನಕೇಶವ ತನ್ನ ಕುರ್ಚಿ ಎತ್ತಿಕೊಂಡು ಬಂದು ಅವಳ ಬಲಗಡೆ ಹಾಕಿ ಕುಳಿತ. "ಓದ್ಲಿಕ್ಕೆ ಇಷ್ಟ ಉಂಟಾ ಅಂತ ಕೇಳಿದ್ದು" ಎಂದ.

ಊಟ ಮುಗಿಸಿ ಹೊರಟರು. ಎಂಟು ದಿನ ಮಾವ ನನ್ನ ಮುಖ ನೋಡಲಿಲ್ಲ. ಅತ್ತೆಯ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಿನ್ನೆ ಸಂಪಾಜೆಯಿಂದ ಕಾಗದ ಬಂತು. ಹುಡುಗ ಒಪ್ಪಿದ್ದಾನೆ, ಅವನ ತಾಯಿ ಇನ್ನೂ ಒಪ್ಪಿಲ್ಲ. ಸೀತು ಆ ಕಾಗದವನ್ನು ಮೂರು ಸಲ ಓದಿದಳು.

ಇವತ್ತು ಬೆಳಿಗ್ಗೆ ಮಾವ ತಾವೇ ಸಬ್ಬಲು ಹಾಕಿ ಹಲಗೆ ಕಿತ್ತರು. ಅದರ ಹಿಂಬದಿಯೆಲ್ಲ ಗೆದ್ದಲು. ನಾನು ಬುಟ್ಟಿ ಹಿಡಿದೆ. ಬುಟ್ಟಿ ತುಂಬಿದ ಮೇಲೆ, "ಮಳೆಗೆ ಮೊದಲು ಕಲ್ಲಿನದ್ದು ಕಟ್ಟಿಸುವ. ಒಳಕೋಣೆಯದ್ದೂ" ಎಂದರು. ಅಷ್ಟೇ.

ಅಪ್ಪನಿಗೆ ಓದಿ ಹೇಳು.

ನಿನ್ನ ಮಗಳು,
ಕುಮುದಿನಿ

ಮರೆತ ಮಾತು: ಮದುವೆಯಲ್ಲಿ ನನ್ನ ಪ್ರಾಯ ಎರಡು ವರ್ಷ ಕಡಿಮೆ ಹೇಳಿದ್ದನ್ನು ನಮ್ಮ ಯಜಮಾನರಿಗೆ ತಿಳಿಸಿಬಿಟ್ಟೆ. ನೀನು ಆಣೆ ಹಾಕಿಸಿದ್ದೆ, ಕ್ಷಮಿಸು. ತಮಗಿಂತ ನಾನು ದೊಡ್ಡವಳೆಂದು ಇವರಿಗೆ ಮದುವೆಯಾದ ವರ್ಷವೇ ಗೊತ್ತಿತ್ತಂತೆ. ನಾನೇ ಹೇಳಲಿ ಎಂದು ಆರು ವರ್ಷ ಕಾದರಂತೆ.