ಉಸಿರು ಕೇಳದೆ ಕೂಡಿಸಿದ ಪೆಟ್ಟಿಗೆ

ಬೀದರ, ಕೆಳಕೇರಿ
ಇಸವಿ ೨೧೮೭, ಮೂರನೆಯ ವೈಶಾಖದ ಮೂವತ್ತಾರನೆಯ ದಿನ, ಇಳಿಹೊತ್ತು

ನಮಗಿಂತ ಮುಂಚೆ ಈ ಕೆಂಪುಕಲ್ಲಿನ ಮೇಲೆ ಬಾಳಿ ಹೋದ ಹಿರಿಯರಿಗೆ ಘಾಳೆಮ್ಮನ ಶರಣಾರ್ಥಿ.

ಮೇಲಿನ ತಾರೀಖು ನೋಡಿ ಇವಳಿಗೆ ಎಣಿಸಲೂ ಬರುವುದಿಲ್ಲ ಅಂದುಕೊಳ್ಳಬೇಡಿ. ಬಿಸಿಲು ಇಳಿಯುವವರೆಗೂ ವೈಶಾಖವನ್ನು ಮುಗಿಸಬಾರದು ಎಂದು ನಮ್ಮಲ್ಲಿ ಕಟ್ಟಳೆಯಿದೆ. ಮುಗಿಸಿ ಜ್ಯೇಷ್ಠ ಅಂದರೆ ಜನ ಮಳೆ ಬಂತೆಂದು ನಂಬಿ ಮೋಸ ಹೋಗುತ್ತಾರಂತೆ. ಹಾಗಾಗಿ ನಲವತ್ತು ದಿನದ ಒಂದು ವೈಶಾಖದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನನ್ನ ಮಾತುಗಳಲ್ಲಿ ನಿಮಗೆ ತಿಳಿಯದವು ಬಂದರೆ ಕ್ಷಮೆಯಿರಲಿ, ಬಂದ ಕಡೆ ಬಿಡಿಸಿ ಹೇಳುತ್ತೇನೆ. ನಾನು ಓದಿದ್ದು ಕಡಿಮೆ. ನಮ್ಮ ಕಾಲದ ಶಾಲೆ ಚಳಿಯ ದಿನಗಳಲ್ಲಷ್ಟೇ ನಡೆಯುತ್ತಿತ್ತು. ಮಗ್ಗಿ ಅರ್ಧ ಬರುವಷ್ಟರಲ್ಲಿ ಬಾಗಿಲು ಹಾಕುತ್ತಿದ್ದರು, ಮತ್ತೆ ತೆಗೆದಾಗ ಮೊದಲಿನಿಂದ ಶುರು. ನಾಲ್ಕನೆಯ ಚಳಿಗೆ ನನ್ನ ಹೆಸರನ್ನೇ ತೆಗೆದರು. ಬರೆಯುವುದು ಹೀಗೆ, ಮಾತಾಡಿದಂತೆ ಬರುತ್ತದೆ.

ಮನೆಯಲ್ಲಿ ಸಾವಾದರೆ ನಮ್ಮ ಕೇರಿಯವರು ಹಿಂದೋಲೆ ಬರೆಯುತ್ತಾರೆ. ಅಂದರೆ ಹಿಂದಿನವರಿಗೆ ಓಲೆ. ಅದನ್ನು ಸುರುಳಿ ಮಾಡಿ, ಮೇಣ ಹಚ್ಚಿ, ನಿಮಗೂ ಗೊತ್ತಿರುವ, ನೆಲದಡಿ ನೀರು ಹರಿಯುವ ಹಳೆಯ ಸುರಂಗಬಾವಿಯೊಳಗೆ ನೀರಿನ ಎದುರು ದಿಕ್ಕಿಗೆ ಎಸೆಯಬೇಕು. ನೀರಿನ ಜೊತೆ ಹೋದದ್ದು ಮುಂದಿನವರಿಗೆ, ಎದುರು ಹೋದದ್ದು ಹಿಂದಿನವರಿಗೆ. ನಿಜವಾಗಿ ಮುಟ್ಟುತ್ತದೋ ಇಲ್ಲವೋ ಕಂಡವರಿಲ್ಲ. ಎರಡು ವರ್ಷದಿಂದ ಬರೆಯಬೇಕು ಅಂದುಕೊಂಡು ಸುಮ್ಮನಿದ್ದೆ. ಮುಟ್ಟದಿದ್ದರೆ ಏನು ಗತಿ ಎಂದು ಒಂದು ಚಿಂತೆ, ಮುಟ್ಟಿ ನೀವು ನಕ್ಕರೆ ಎಂದು ಇನ್ನೊಂದು. ಆದರೆ ನಾಳೆ ಬೆಳಗ್ಗೆ ನಮ್ಮ ಮನೆಗೆ ಹೊಸ ಊದುಪೆಟ್ಟಿಗೆ ಕೂಡಿಸಲು ಮಿಸ್ತ್ರಿ ಬರುತ್ತಾನೆ. ಪೆಟ್ಟಿಗೆ ಅಂಗಳದಲ್ಲಿ ಗೋಡೆಗೆ ಒರಗಿದೆ. ಎಲ್ಲಿ ಕೂಡಿಸುವುದೆಂದು ಇನ್ನೂ ತೀರ್ಮಾನವಾಗಿಲ್ಲ. ನನ್ನ ಸೊಸೆಗೆ ದಿನ ತುಂಬಿವೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಊದುಪೆಟ್ಟಿಗೆ ಅಂದರೆ ನೀವು ಹೀಟ್ ಪಂಪ್ ಅನ್ನುತ್ತಿದ್ದಿರಲ್ಲ, ಅದರ ಹೊರಗಿನ ಭಾಗ. ಬೇಸಿಗೆಯಲ್ಲಿ ಮನೆಯ ಸೆಕೆ ಎಳೆದು ಹೊರಗೆ ಊದುತ್ತದೆ, ಚಳಿಯಲ್ಲಿ ಹೊರಗಿನ ಬಿಸಿ ಒಳಗೆ ತರುತ್ತದೆ. ನಿಮ್ಮಲ್ಲಿ ಅನುಕೂಲಸ್ಥರ ಮನೆಗಳಲ್ಲಿ ಇತ್ತಂತೆ. ನಮ್ಮಲ್ಲಿ ಒಲೆಯಿಲ್ಲದ ಮನೆ ಇದ್ದೀತು, ಪೆಟ್ಟಿಗೆಯಿಲ್ಲದ ಮನೆಯಿಲ್ಲ. ಮೊದಲ ವೈಶಾಖ ಹುಟ್ಟಿದ ಕೂಡಲೇ ನಾವು ನೆಲಮನೆಗೆ ಇಳಿಯುತ್ತೇವೆ. ಕೆಂಪುಕಲ್ಲು ಕೊರೆದು ಮಾಡಿದ ಕೋಣೆ ಅದು, ನೀವು ನೆಲಮಾಳಿಗೆ ಅನ್ನುತ್ತಿದ್ದಿರಿ. ಅಡುಗೆ ಮುಂಜಾನೆಯೇ ಮುಗಿಯುತ್ತದೆ. ಜೋಳದ ರೊಟ್ಟಿ ಬಡಿದು, ಒಣಗಿಸಿ, ಅರಿವೆ ಸುತ್ತಿ ಕೆಳಗೆ ಒಯ್ಯುತ್ತೇವೆ. ಗೂಡಿನ ದೇವರೂ ನಮ್ಮ ಜೊತೆ ಇಳಿಯುತ್ತಾನೆ. ಹೆಣ್ಣುಮಕ್ಕಳಿಗೆ ಹಿಮವತಿ, ತಂಪವ್ವ, ನೆರಳವ್ವ ಎಂದು ಹೆಸರಿಡುತ್ತೇವೆ. ಮೇಲೆ ಕೇರಿಯ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಗುಂಯ್ಯೆನ್ನುತ್ತಿರುತ್ತವೆ. ಆ ಸದ್ದು ನಿಂತರೆ ನನಗೆ ಎಚ್ಚರವಾಗುತ್ತದೆ. ನಡೆಯುತ್ತಿದ್ದರೂ ಎಚ್ಚರವೇ ಅನ್ನಿ.

ಒಂದು ಮನೆಯ ತಂಪು ಇನ್ನೊಂದು ಮನೆಗೆ ಸೆಕೆ. ಪೆಟ್ಟಿಗೆಯ ಬಿಸಿಯುಸಿರು ಎಲ್ಲಿಗಾದರೂ ಹೋಗಲೇಬೇಕಲ್ಲ. ಆದ್ದರಿಂದ ನಮ್ಮಲ್ಲಿ ಉಸಿರು ಕೇಳುವ ಪದ್ಧತಿಯಿದೆ. ಪೆಟ್ಟಿಗೆ ಯಾರ ಗೋಡೆಯ ಕಡೆ ಊದುತ್ತದೋ ಆ ಮನೆಗೆ ಪೆಟ್ಟಿಗೆಯವರ ಯಜಮಾನ ಬೆಲ್ಲದ ತುಂಡು ಹಿಡಿದು ಹೋಗಬೇಕು. ನಮ್ಮ ಉಸಿರು ನಿಮ್ಮ ಕಡೆ ಬಿಡಲೇ ಎಂದು ಕೇಳಬೇಕು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು, "ಊದ್ಲಿ ಬಿಡ್ರಿ, ಗಾಳಿ ಯಾರಪ್ಪಂದು" ಅನ್ನಬೇಕು. ಬೇಡ ಅಂದವರನ್ನು ನಾನು ಕಂಡಿಲ್ಲ. ಕೇಳದೆ ಊದಿಸಿದವರನ್ನೂ ಕಂಡಿಲ್ಲ.

ನಮ್ಮ ಮಗ್ಗುಲಮನೆ ಕಾಶೆಪ್ಪನದು. ನನ್ನ ಗಂಡ ವೈಜಿನಾಥ ಮತ್ತು ಕಾಶೆಪ್ಪ ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು. ಒಂದು ಮಳೆಗೆ ಮಾತು ಬಿಟ್ಟರು. ನಮ್ಮಲ್ಲಿ ವರ್ಷದ ಮಳೆಯೆಲ್ಲ ನಾಲ್ಕಾರು ದಿನದಲ್ಲಿ ಸುರಿದು ಮುಗಿಯುತ್ತದೆ, ಮಾಳಿಗೆಯ ನೀರು ಹನಿಯೂ ಬಿಡದೆ ತೊಟ್ಟಿಗೆ ಹಿಡಿಯಬೇಕು. ಆ ಸಲ ಗಾಳಿಗೆ ನಮ್ಮ ದೋಣಿ, ಅಂದರೆ ಮಾಳಿಗೆಯ ನೀರಿಳಿಯುವ ತಗಡು, ಅವರ ಕಡೆ ತಿರುಗಿ ನೀರೆಲ್ಲ ಅವರ ತೊಟ್ಟಿಗೆ ಬಿತ್ತು. ಕಾಶೆಪ್ಪನೇ ತಿರುಗಿಸಿದ ಅಂದ ಇವನು. ಗಾಳಿ ತಿರುಗಿಸಿತು ಅಂದ ಅವನು. ಅಷ್ಟೇ. ಹೆಂಗಸರು ನಾವು, ಅವನ ಹೆಂಡತಿ ಚಂದ್ರಭಾಗಾ ಮತ್ತು ನಾನು, ಕಣ್ಣಲ್ಲೇ ಮಾತಾಡಿಕೊಂಡು ಇದ್ದೆವು.

ಮೂರು ವರ್ಷದ ಹಿಂದೆ ಹಳೆಯ ಪೆಟ್ಟಿಗೆ ಕೆಟ್ಟು, ಹೊಸದನ್ನು ಕೂಡಿಸಲು ಮಸ್ತಾನ ಎಂಬ ಮಿಸ್ತ್ರಿ ಬಂದ. ಅಂಗಳದ ಮೂಡಣ ಬದಿ ತೋರಿಸಿದ. ಅಲ್ಲಿ ನೆಲ ಗಟ್ಟಿ, ಎತ್ತರ, ನಾಲ್ಕೂ ಕಡೆ ಬಯಲು. ಆದರೆ ಅಲ್ಲಿ ಕೂತರೆ ಅದರ ಉಸಿರು ನೇರ ಕಾಶೆಪ್ಪನ ಗೋಡೆಗೆ.

"ಇಲ್ಲೇ ಚಲೋ ಅದ ಮಾಮಾ," ಅಂದ ಮಸ್ತಾನ. "ಬಾಜು ಮನಿಯವರಿಗಿ ಬೆಲ್ಲ ಕೊಟ್ಟು ಬರ್ರಿ, ಅಷ್ಟರಾಗ ನಾ ಕಲ್ಲು ಕೂಡಿಸ್ತೀನಿ."

"ನನ್ನ ನೀರು ಕುಡಿದವನ ಬಾಗಿಲಿಗಿ ಹೋಗಿ ನಾ ಉಸಿರು ಬೇಡಲ್ಲ," ಅಂದ ನನ್ನ ಗಂಡ. "ಹಿತ್ತಲ ಸಂದಿಯಾಗ ಕೂಡ್ಸು. ನಮ್ಮ ಉಸಿರು ನಮ್ಮ ಗೋಡಿಗೇ ಬಡೀಲಿ."

"ಸಂದಿ ತಗ್ಗಿನಾಗ ಅದ. ನೆಲಮನಿ ಗಾಳಿಕಿಂಡಿನೂ ಅಲ್ಲೇ ಅದ."

"ಇದ್ರ ಇರ್ಲಿ. ಬಿಸಿಗಾಳಿ ಮ್ಯಾಲೆ ಹೋಗ್ತದೋ ಕೆಳಗ ಇಳೀತದೋ?"

"ಬಿಸಿಗಾಳಿ ಮ್ಯಾಲೇ ಹೋಗ್ತದ. ಒಳಗಿನ ಗ್ಯಾಸು ಸೋರಿದ್ರ ಅದು ಕೆಳಗ ಇಳೀತದ," ಅಂದ ಮಸ್ತಾನ. ಆಮೇಲೆ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, "ಹೊಸಾ ಪೆಟ್ಟಿಗಿ, ಯಾಕ ಸೋರ್ತದ. ನೀವು ಹೇಳಿದ ಕಡಿ ಕೂಡಿಸ್ತೀನಿ," ಅಂದ. ಅವನಿಗೆ ಅಂದು ಇನ್ನೂ ಎರಡು ಮನೆ ಇದ್ದವು.

ನಾನು ಸುಮ್ಮನಿರಲಿಲ್ಲ. ನಾನು ಹೇಳಿದೆ, ಆದರೆ ಎಲ್ಲವನ್ನೂ ಹೇಳಿದೆ. ಮಕ್ಕಳು ಬೆರಳು ಹಾಕಿದರೆ, ಆಡಿನ ಹಗ್ಗ ಸಿಕ್ಕಿಕೊಂಡರೆ, ಕಣಜ ಗೂಡು ಕಟ್ಟಿದರೆ, ಸದ್ದಿಗೆ ಅತ್ತೆಗೆ ನಿದ್ದೆ ಬರದಿದ್ದರೆ, ಕಳ್ಳರು ತಾಮ್ರದ ಕೊಳವೆ ಬಿಚ್ಚಿದರೆ, ಗ್ಯಾಸು ಕಿಂಡಿಯೊಳಗೆ ಇಳಿದರೆ. ಈ ಕೊನೆಯದನ್ನು ಅವುಗಳ ನಡುವೆಯೇ ಹೇಳಿದೆ, ಅದೇ ದನಿಯಲ್ಲಿ. ನನ್ನ ಗಂಡ ನಕ್ಕ. "ಘಾಳಿ, ನಿನ್ನ ಅಂಜಿಕಿ ಹೊರಗ ಊದಕ್ಕ ಇನ್ನೊಂದು ಪೆಟ್ಟಿಗಿ ತರ್ಬೇಕಾಗ್ತದ." ಮಗಳೂ ನಕ್ಕಳು. ನಾನೂ ನಕ್ಕೆ. ದಿನಕ್ಕೆ ನೂರು ಸಲ ಅಂಜುವವಳ ಮಾತನ್ನು ಮನೆಯವರು ಯಾವಾಗ ಕೇಳಬೇಕು ಹೇಳಿ. ಅವರ ತಪ್ಪೂ ಇಲ್ಲ.

ಪೆಟ್ಟಿಗೆಯೊಳಗೆ ತಂಪು ಹುಟ್ಟಿಸುವ ಆ ಗ್ಯಾಸು ಅಡುಗೆಯ ಗ್ಯಾಸಿಗೆ ಒಡಹುಟ್ಟಿದ್ದು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ವಾಸನೆಯಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಸಂದಿಯ ನೆಲ ಮೆತ್ತಗಿತ್ತು. ಮಳೆಗೆ ಒಂದು ಕಲ್ಲು ಕುಸಿದು ಪೆಟ್ಟಿಗೆ ವಾರೆಯಾಯಿತು, ನಡುಗತೊಡಗಿತು. ನಡುಗಿ ನಡುಗಿ ಮುಂದಿನ ಬೇಸಿಗೆಯ ಹೊತ್ತಿಗೆ ಕೊಳವೆಯ ಬೆಸುಗೆ ಬಿಟ್ಟಿತು. ಇದೆಲ್ಲ ಆಮೇಲೆ ನೋಡಲು ಬಂದವರು ಹೇಳಿದ್ದು. ನಮಗೆ ಗೊತ್ತಾಗಿದ್ದು ಮಧ್ಯಾಹ್ನದಿಂದ ತಂಪು ಬರುತ್ತಿಲ್ಲ ಎಂಬುದಷ್ಟೇ. ಸೆಕೆ ತಾಳದೆ ಎಲ್ಲರೂ ಮೇಲೆ ಬಂದು ಪಡಸಾಲೆಯಲ್ಲಿ ಕೂತಿದ್ದೆವು.

ಸಂಜೆ ನನ್ನ ಮಗಳು ನೆರಳವ್ವ ದೇವರಿಗೆ ದೀಪ ಹಚ್ಚಿ ಬರುತ್ತೇನೆಂದು ಕೆಳಗೆ ಹೋದಳು. ಹದಿನಾರು ವರ್ಷ. ಮೆಟ್ಟಿಲಲ್ಲಿ ಜಾರಬೇಡ ಎಂದು ನಾನು ಹಿಂದಿನಿಂದ ಕೂಗಿದೆ. "ದಿನಾ ಇಳಿಯೋ ಮೆಟ್ಟಲು ಯವ್ವಾ," ಅಂದಳು. ಕಡ್ಡಿ ಗೀರಿದ್ದೇ ನೆಲಮನೆ ಭುಗ್ಗೆಂದಿತು. ಸುಟ್ಟ ಮೈಯಲ್ಲಿ ಅವಳನ್ನು ಮೇಲೆ ಹೊತ್ತು ತಂದಾಗ ಇನ್ನೂ ಮಾತಿತ್ತು. ನನ್ನ ಮುಖ ನೋಡಿ, "ದೀಪ ಹತ್ತಲಿಲ್ಲ ಯವ್ವಾ," ಅಂದಳು. ತಾನೇನೋ ತಪ್ಪು ಮಾಡಿದ ಹಾಗೆ.

ಅದರಾಚೆಗೆ ನನ್ನ ಕೈಯಲ್ಲಿ ಬರೆಯಲಾಗದು.

ಮಣ್ಣು ಮಾಡಿ ಬಂದ ಮೇಲೆ ಚಂದ್ರಭಾಗಾ ಬಂದಳು. ಬಾಗಿಲು ದಾಟಿ ಬಂದಿದ್ದು ಎಷ್ಟೋ ವರ್ಷಕ್ಕೆ. ನನ್ನ ತಲೆ ತನ್ನ ಹೊಟ್ಟೆಗೆ ಒತ್ತಿಕೊಂಡು ಕೂತಳು. "ಅವತ್ತು ಮಿಸ್ತ್ರಿ ಬಂದಿದ್ದು ನೋಡಿ ಗ್ವಾಡಿ ಮುಂದಿನ ಬಟ್ಟಿ ಒಣಹಾಕೋ ಹಗ್ಗ ಬಿಚ್ಚಿಟ್ಟಿದ್ದೆ ವೈನಿ," ಅಂದಳು. "ನಿಮ್ಮ ಉಸಿರಿಗಿ ಅಡ್ಡ ಆಗಬಾರ್ದಂತ. ಅಣ್ಣ ಬೆಲ್ಲ ತರ್ತಾರಂತ ಇವರೇ ಚಹಾಕ್ಕ ಇಡು ಅಂದ್ರು. ನೀರು ಕುದ್ದು ಕುದ್ದು ಆರಿಹ್ವಾದ್ವು."

ಪಡಸಾಲೆಯ ಕಂಬದ ಹಿಂದೆ ನನ್ನ ಗಂಡ ನಿಂತಿದ್ದ. ಅವನೂ ಕೇಳಿದ. ಅಂದಿನಿಂದ ಅವನು ಕಾಶೆಪ್ಪನ ಮನೆಯ ಮುಂದೆ ಹಾಯುವುದಿಲ್ಲ, ಸುತ್ತು ಹಾಕಿ ಹೋಗುತ್ತಾನೆ. ಮೊದಲು ಸಿಟ್ಟಿಗೆ ಹೋಗುತ್ತಿರಲಿಲ್ಲ, ಈಗ ನಾಚಿಕೆಗೆ. ನನಗೆ ಎರಡೂ ಒಂದೇ. ಎರಡು ಬೇಸಿಗೆ ಪೆಟ್ಟಿಗೆಯಿಲ್ಲದೆ, ಗೋಣಿತಟ್ಟು ತೋಯಿಸಿ ಕಟ್ಟಿಕೊಂಡು ಕಳೆದೆವು. ಈ ಸಲ ಆಗುವುದಿಲ್ಲ. ಮಗು ಹುಟ್ಟುವುದು ಈ ವೈಶಾಖದಲ್ಲಿ, ಬಾಣಂತಿ ಮಲಗುವುದು ಅದೇ ನೆಲಮನೆಯಲ್ಲಿ. ಬೆಳಗ್ಗೆ ನನ್ನ ಗಂಡ ಅಂಗಳದ ಮೂಡಣ ಬದಿಗೆ ಹೋಗಿ ನಿಂತ. ಆಮೇಲೆ ಹಿತ್ತಲ ಸಂದಿಗೆ ಹೋಗಿ ನಿಂತ. ಕಿಂಡಿ ಕಲ್ಲಿಟ್ಟು ಮುಚ್ಚಿಬಿಟ್ಟರೆ ಹೇಗೆ ಎಂದು ನನ್ನನ್ನು ಕೇಳಿದ. ಮುಚ್ಚಿದರೆ ಕೂಸು ಏನನ್ನು ಉಸಿರಾಡಬೇಕು ಅಂದೆ. ಈ ಸಲ ಅದೊಂದನ್ನೇ ಅಂದೆ. ಕಣಜದ ಮಾತು, ಆಡಿನ ಮಾತು ನಾಲಗೆಯ ತುದಿಗೆ ಬಂದವು, ನುಂಗಿಕೊಂಡೆ. ಅವನು ನಗಲಿಲ್ಲ.

ನಿಮ್ಮ ಕಾಲದಲ್ಲಿ ಈ ಪೆಟ್ಟಿಗೆಗಳು ಹೊಸದಾಗಿ ಬರುತ್ತಿದ್ದವಂತೆ. ಅದಕ್ಕೇ ನಿಮ್ಮನ್ನು ಬೇಡುತ್ತೇನೆ. ಕೂಡಿಸುವಾಗ ಗಟ್ಟಿ ನೆಲ ನೋಡಿ, ಮಳೆ ನೀರು ನಿಲ್ಲದ ಎತ್ತರ ನೋಡಿ. ಮಟ್ಟ ಹಿಡಿದು ನೋಡದೆ ಬಿಡಬೇಡಿ. ಕಾಲಿಗೆ ರಬ್ಬರು ಕೊಡಿ, ನಡುಗುವುದು ಅದಕ್ಕೆ ಒಳ್ಳೆಯದಲ್ಲ. ಅದಕ್ಕೂ ಬಿಸಿಲು ತಾಗುತ್ತದೆಂದು ಕನಿಕರಪಟ್ಟು ಸುತ್ತ ತಟ್ಟಿ ಕಟ್ಟಬೇಡಿ, ಅದರ ಉಸಿರು ಅದಕ್ಕೇ ತಿರುಗಿ ಕಟ್ಟಿಕೊಳ್ಳುತ್ತದೆ. ಹಿಂದೆ ಗೋಡೆಗೂ ಅದಕ್ಕೂ ನಡುವೆ ಜಾಗವಿರಲಿ. ತೊಟ್ಟಿಕ್ಕುವ ನೀರು ನಡೆಯುವ ದಾರಿಗೆ ಬರದಿರಲಿ. ಕರೆಂಟು ಆರಿಸುವ ಗುಂಡಿ ಹತ್ತಿರವೇ ಇರಲಿ. ಕೆಲಸ ಬಲ್ಲವನು ಕೊಳವೆಯ ಬೆಸುಗೆ ಪರೀಕ್ಷಿಸುವವರೆಗೆ ಅವನನ್ನು ಕಳಿಸಬೇಡಿ, ಅವನಿಗೆ ಇನ್ನೆಷ್ಟು ಮನೆಗಳಿದ್ದರೂ ಸರಿ. ಕಿಂಡಿ, ತಗ್ಗು, ಮೋರಿ, ನೆಲಮಾಳಿಗೆಯ ಮೆಟ್ಟಿಲು, ಇವುಗಳ ಹತ್ತಿರ ಬೇಡವೇ ಬೇಡ. ತಂಪು ತಾನಾಗಿ ನಿಂತರೆ ಬೆಂಕಿಕಡ್ಡಿ ಗೀರಬೇಡಿ, ದೇವರಿಗೂ ಬೇಡ. ದೇವರು ಕತ್ತಲಲ್ಲಿ ಇರಬಲ್ಲ.

ಇಷ್ಟನ್ನು ಮಿಸ್ತ್ರಿಯೂ ಹೇಳಿಯಾನು. ಅವನು ಹೇಳದೆ ಇರುವುದು ಒಂದಿದೆ. ಒಳ್ಳೆಯ ಜಾಗವಿದ್ದೂ ಮಗ್ಗುಲಮನೆಯವರ ಮುಖ ನೋಡಲಾಗದೆ ಕೆಟ್ಟ ಜಾಗ ಆರಿಸಬೇಡಿ. ಹೋಗಿ ಕೇಳಿ. ಮಾತು ಬಿಟ್ಟಿದ್ದರೂ ಕೇಳಿ. ಅವರು ಆಗಲೇ ಹಗ್ಗ ಬಿಚ್ಚಿಟ್ಟಿದ್ದಾರು.

ಇಷ್ಟು ಬರೆಯುವಷ್ಟರಲ್ಲಿ ಹೊತ್ತು ಮುಳುಗಿದೆ. ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ಸದ್ದಾಯಿತು. ನಾನು ತಲೆ ಎತ್ತಲಿಲ್ಲ, ಎತ್ತಿದರೆ ಅವನು ನಿಂತುಬಿಟ್ಟಾನೆಂದು ಅಂಜಿಕೆ. ಚಪ್ಪಲಿಯ ಸದ್ದು ಅಂಗಳ ದಾಟಿತು. ಹೊಸ ಪೆಟ್ಟಿಗೆಯ ಹತ್ತಿರ ಒಂದಿಷ್ಟು ತಡೆಯಿತು. ಮತ್ತೆ ಹೊರಟಿತು. ಈ ಸಲ ಸುತ್ತು ಹಾಕಲಿಲ್ಲ. ಕಾಶೆಪ್ಪನ ಬಾಗಿಲ ಚಿಲಕ ಅಲುಗಿತು.

ಆಮೇಲೆ ಕಾಶೆಪ್ಪನ ದನಿ. ಅವನು ಗಾಳಿ ಯಾರಪ್ಪಂದು ಅನ್ನಲಿಲ್ಲ.

"ಎಷ್ಟು ತಡಾ ಮಾಡಿದ್ಯೋ ವೈಜಿನಾಥಾ," ಅಂದ.

ಆಮೇಲೆ ಅಳುವ ಸದ್ದು. ಯಾರದೆಂದು ಗೊತ್ತಾಗಲಿಲ್ಲ, ಇಬ್ಬರದೂ ಇದ್ದೀತು. ನಾಳೆ ಪೆಟ್ಟಿಗೆ ಮೂಡಣ ಬದಿಯಲ್ಲಿ ಕೂಡುತ್ತದೆ. ಹುಟ್ಟುವ ಕೂಸು ತಂಪಾಗಿ ಮಲಗುತ್ತದೆ. ಪೆಟ್ಟಿಗೆ ಊದಲಿರುವ ಕಾಶೆಪ್ಪನ ಗೋಡೆಯನ್ನು ನಾನು ಇಲ್ಲಿಂದಲೇ ನೋಡುತ್ತಿದ್ದೇನೆ ಹಿರಿಯರೇ. ಮೂರು ವರ್ಷವಾಯಿತು, ಚಂದ್ರಭಾಗಾ ಅಲ್ಲಿ ಇನ್ನೂ ಒಂದು ಬಟ್ಟೆಯನ್ನೂ ಒಣಹಾಕಿಲ್ಲ.

ನಿಮ್ಮ ನಂತರದವಳು,
ನೆರಳವ್ವನ ತಾಯಿ ಘಾಳೆಮ್ಮ