ಒಂದು ಸೆಕೆಂಡಿನ ಬಿಸಿಗಾಳಿ

ಹಾರೋಹಳ್ಳಿ,
ಮಾರ್ಚ್ 18, 2007

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಜೋರ್ಹಾಟಿನ ಚಳಿ ಇಳಿಯಿತೇ? ಮೊಣಕಾಲಿನ ನೋವಿಗೆ ನಿಮ್ಮ ಮಿಲಿಟರಿ ಡಾಕ್ಟರು ಏನೆಂದರು? ಅಮ್ಮ ಎರಡು ಹೊತ್ತು ಉಣ್ಣುತ್ತಿದ್ದಾಳೆ. ಅಪ್ಪನ ಜೀವಕ್ಕೆ ಭಯವಿಲ್ಲವೆಂದು ನಿನ್ನೆ ಡಾಕ್ಟರು ಹೇಳಿದರು, ಅದನ್ನು ಮೊದಲು ತಿಳಿದುಕೊ. ಫೋನಿನಲ್ಲಿ "ಆ ಮ್ಯಾನೇಜರನ್ನ ಕಡಿದು ಹಾಕ್ತೀನಿ" ಎಂದು ಕೂಗಿ ಇಟ್ಟುಬಿಟ್ಟೆಯಲ್ಲ, ಅದಕ್ಕೇ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ.

ಫ್ಯಾಕ್ಟರಿಯಲ್ಲಿ ಅಪ್ಪ ನೋಡಿಕೊಳ್ಳುತ್ತಿದ್ದದ್ದು ಪೇಂಟ್ ಹೊಡೆದ ತಗಡುಗಳನ್ನು ಒಣಗಿಸುವ ಗ್ಯಾಸ್ ಓವನ್. ಬೆಂಕಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸಬೇಕಾದ ವಾಲ್ವ್ ಎರಡು ತಿಂಗಳಿಂದ ಕೆಟ್ಟಿತ್ತಂತೆ. ಎರಡನೇ ತಾರೀಕು ಬೆಳಿಗ್ಗೆ ಬೆಂಕಿ ಆರಿತು, ಗ್ಯಾಸ್ ಒಳಗೇ ತುಂಬಿತು. ಕೆಲಸ ನಿಲ್ಲಬಾರದೆಂದು ಮ್ಯಾನೇಜರ್ ಅವಸರ ಮಾಡಿದ, ಅಪ್ಪ ಮತ್ತೆ ಹೊತ್ತಿಸಿದರು. ಬಾಗಿಲು ಕಿತ್ತು ಹಾರಿತು. ಒಳಗಿಂದ ನುಗ್ಗಿದ ಉರಿಗಾಳಿ ಅಪ್ಪನನ್ನು ಎತ್ತಿ ಡ್ರಮ್ಮುಗಳ ಮೇಲೆ ಒಗೆಯಿತು. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಇದ್ರೀಸ್ ಓಡಿಹೋಗಿ ಅಪ್ಪನ ಶರ್ಟನ್ನು ಬರಿಗೈಯಲ್ಲಿ ಹರಿದ. "ಧಗ್ ಅಂತ ಬಂದು ಹೊಂಟೋಯ್ತು ಕಣವ್ವ. ಆದ್ರೆ ಅಯ್ನೋರ ಶರ್ಟು ಪಾಕದಂಗೆ ಕರಗಿ ಮೈಗೆ ಅಂಟ್ಕಂಬುಡ್ತು. ಎಳುದ್ರೆ ಚರ್ಮಾನೂ ಬತ್ತಿತ್ತು" ಎಂದು ಅವನೇ ನನಗೆ ಹೇಳಿದ. ಎದೆ, ಹೊಟ್ಟೆ, ಎರಡೂ ತೋಳು ಬೆಂದಿವೆ.

ಕಳೆದ ಸೋಮವಾರ ಫ್ಯಾಕ್ಟರಿಯಲ್ಲೇ ವಿಚಾರಣೆ ನಡೆಯಿತು. ಸರ್ಕಾರದ ಇನ್‌ಸ್ಪೆಕ್ಟರ ಎದುರು ಮ್ಯಾನೇಜರ್, "ಬರೀ ಒಂದು ಸೆಕೆಂಡಿನ ಬಿಸಿಗಾಳಿ ಸಾರ್. ಅಷ್ಟಕ್ಕೆ ಇಷ್ಟು ಸುಡಲ್ಲ. ಚನ್ನಬಸವಯ್ಯ ಮೈಮೇಲೆ ಪೇಂಟಿನ ಥಿನ್ನರ್ ಚೆಲ್ಲಿಕೊಂಡಿದ್ದ" ಎಂದು ತಪ್ಪನ್ನು ಅಪ್ಪನ ಮೇಲೇ ಹೊರಿಸಿದ. ಅಣ್ಣಾ, ನಾನು ಮೂರು ವರ್ಷದಿಂದ ಲ್ಯಾಬಿನಲ್ಲಿ ಮಾಡುತ್ತಿರುವುದು ಇದೇ ಕೆಲಸ. ಮೇಣದಂಥ ಉದ್ದ ಸರಪಳಿಯ ಅಣುಗಳ ಪದರದ ಮೇಲೆ ಅನಿಲದ ಕಣಗಳನ್ನು ಹೊಡೆದು, ಎಷ್ಟು ವೇಗ ಉಳಿಸಿಕೊಂಡು ವಾಪಸು ಬರುತ್ತವೆಂದು ಅಳೆಯುತ್ತೇನೆ. ಎದ್ದು ನಿಂತು ಅದನ್ನೇ ಹೇಳಿದೆ. ಉರಿಯುವ ಗಾಳಿಯ ಅಣುಗಳು ಬಂದೂಕಿನ ಗುಂಡಿನ ವೇಗದಲ್ಲಿ ಬರುತ್ತವೆ. ಗಟ್ಟಿ ಲೋಹಕ್ಕೆ ಬಡಿದರೆ ಪುಟಿದು ಒಂದಿಷ್ಟು ಶಕ್ತಿಯನ್ನು ಹೊತ್ತೇ ಹೋಗುತ್ತವೆ. ಬಟ್ಟೆ, ಚರ್ಮ, ಪ್ಲಾಸ್ಟಿಕ್ಕಿನಂಥ ಮೆತ್ತನೆಯದಕ್ಕೆ ಬಡಿದರೆ ಅದರ ಅಣುಗಳು ಬಾಗಿ, ಅಲುಗಾಡಿ, ಬಹುಪಾಲನ್ನು ಮೊದಲ ಏಟಿಗೇ ಹೀರಿಕೊಳ್ಳುತ್ತವೆ. ಅಂಥ ಏಟು ಸೆಕೆಂಡಿಗೆ ಲೆಕ್ಕವಿಲ್ಲದಷ್ಟು. ಆಮೇಲೆ ಇದ್ರೀಸನನ್ನು ತೋರಿಸಿದೆ. ಯೂನಿಫಾರ್ಮ್ ಒಗೆಯಲು ಹಾಕಿದ್ದನೆಂದು ಅವತ್ತು ಅವನು ಹತ್ತಿಯ ಅಂಗಿ ತೊಟ್ಟಿದ್ದ. ಅದೇ ಉರಿಗಾಳಿಗೆ ಅದು ಕರಿಕಾಗಿ ಉದುರಿತು, ಅವನ ಮೈ ಅಷ್ಟು ಸುಡಲಿಲ್ಲ. ಕಂಪನಿ ಕೊಟ್ಟ ಪಾಲಿಯೆಸ್ಟರ್ ಕರಗಿ ಅಪ್ಪನ ಮೈಮೇಲೆ ಕುದಿಯುತ್ತಾ ಕೂತಿತು. ಇನ್‌ಸ್ಪೆಕ್ಟರ್ ಎಲ್ಲವನ್ನೂ ಬರೆದುಕೊಂಡು ಎರಡೂ ಬಟ್ಟೆಯ ಚೂರು ತೆಗೆದುಕೊಂಡರು.

ಹೊರಗೆ ಬರುವಾಗ ಮ್ಯಾನೇಜರ್ ಮೆಲ್ಲಗೆ, "ಓದಿದ ಹುಡುಗಿ, ಅಪ್ಪನ ಚರ್ಮಕ್ಕೆ ಚೆನ್ನಾಗಿ ಬೆಲೆ ಕಟ್ತೀಯ" ಎಂದ. ಹಿಂದಿದ್ದ ಕಾರ್ಮಿಕರಿಗೂ ಕೇಳಿಸಿತು. ಆಮೇಲೆ ಯಾರಿಗೂ ಯಾರನ್ನೂ ಹಿಡಿಯಲಾಗಲಿಲ್ಲ. ಕುರ್ಚಿಗಳು ಮುರಿದವು, ಗೇಟಿನ ಕಾವಲುಗಾರನ ತಲೆ ಒಡೆಯಿತು, ಆಫೀಸಿನ ಗಾಜಿಗೆ ಕಲ್ಲು ಬಿತ್ತು. ಅಷ್ಟರಲ್ಲೇ ಮ್ಯಾನೇಜರ್ ಆಫೀಸಿನೊಳಗೆ ನುಗ್ಗಿ ಹಿಂಬಾಗಿಲಿನಿಂದ ಓಡಿಹೋಗಿದ್ದ. ಗಾಜಿನ ಚೂರು ಹೊಕ್ಕಿದ್ದು ಒಳಗೆ ಟೈಪ್ ಮಾಡುತ್ತಿದ್ದ ಇಸ್ಮತ್‌ಳ ಎಡಗಣ್ಣಿಗೆ. ಮುಂದೆ ನಿಂತು ಕೂಗುತ್ತಿದ್ದ ಪೇಂಟರ್ ನಟರಾಜುವನ್ನು ಕಲ್ಲು ಎಸೆದವನೆಂದು ಪೊಲೀಸರು ಕೂದಲು ಹಿಡಿದು ಎಳೆದುಕೊಂಡು ಹೋದರು. "ನಾನ್ ಹೊಡೀಲಿಲ್ಲ ಸಾ, ದ್ಯಾವ್ರಾಣೆ" ಎನ್ನುತ್ತಲೇ ಇದ್ದ. ಜೀಪಿನ ಹತ್ತಿರವೇ ಲಾಠಿಯಿಂದ ಬಾಯಿಗೆ ಹೊಡೆದರು.

ಸಿಟ್ಟು ಹೊತ್ತುಕೊಂಡು ಬರಬೇಡ ಅಣ್ಣಾ. ಅಪ್ಪ ನಿನ್ನನ್ನು ಕೇಳಿದರು, ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಮೊಣಕಾಲು ಜೋಪಾನ.

ನಿನ್ನ ತಂಗಿ,
ಮೇಘನಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಆ ಕಲ್ಲು ಎಸೆದವಳು ನಾನು. ಮ್ಯಾನೇಜರ್ ಒಳಗಿದ್ದಾನೆಂದುಕೊಂಡೆ. ಇಸ್ಮತ್‌ಳ ಕಣ್ಣು ಹೋಯಿತೆಂದು ಇವತ್ತು ತಿಳಿಯಿತು. ನಟರಾಜು ಇನ್ನೂ ಲಾಕಪ್ಪಿನಲ್ಲಿದ್ದಾನೆ. ನಾಳೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಹೋಗಿ ಹೇಳುತ್ತೇನೆ. ಅಮ್ಮನಿಗೆ ಹೇಳಿಲ್ಲ. ರಜೆ ಸಿಕ್ಕರೆ ಅವಳ ಜೊತೆಗಿರಲು ಬಾ.