ಎಳೆದು ನೋಡದ ಬೀಗ

ನವೆಂಬರ್ ೧೨, ಬುಧವಾರ.

ಸಂಜೆ ಪ್ರಾರ್ಥನೆಯಲ್ಲಿ ಮೊಮ್ಮಗಳು ದೇವದೂತನೊಬ್ಬ ಯೇಸುವಿನ ಶಿಷ್ಯ ಪೇತ್ರನನ್ನು ಸೆರೆಯಿಂದ ಬಿಡಿಸಿದ ಕಥೆಯನ್ನು ಬೈಬಲಿನಿಂದ ಓದಿದಳು. ಕಬ್ಬಿಣದ ಬಾಗಿಲು ತಾನಾಗಿಯೇ ತೆರೆಯಿತು ಎಂದಾಗ ಸೊಸೆ ಕಣ್ಣೊರೆಸಿಕೊಂಡಳು. ನನಗೆ ಮೈ ಉರಿಯಿತು.

"ಮುಂದೆ ಓದೇ."

"ಪೇತ್ರ ಮನೆ ಸೇರಿದನಲ್ಲ ತಾತ, ಮುಗೀತು."

"ಕಾವಲಿನವರು ಏನಾದ್ರು? ಅದನ್ನ ಓದು."

ಓದಿದಳು. ಅರಸ ಅವರನ್ನು ಕೊಲ್ಲಿಸಿದ.

"ಪಾಪ, ಅವರದೇನು ತಪ್ಪು ತಾತ?"

"ಬಾಯ್ಮುಚ್ಚಿ ಮಲಗು" ಎಂದು ಗದರಿ ಎದ್ದು ಬಂದೆ.

ಮೂವತ್ತು ವರ್ಷ ಜೈಲು ಕಾದವನು ನಾನು. ಪಾಳಿ ಬದಲಾಗುವಾಗ ಪ್ರತಿ ಬೀಗವನ್ನೂ ಎರಡು ಸಲ ಎಳೆದು ನೋಡಿ "ಭದ್ರ" ಎಂದು ಕೂಗಬೇಕು. ಒಂದು ರಾತ್ರಿ ಕೈ ಮರಗಟ್ಟುವ ಚಳಿ. ಕೊನೆಯ ಕೋಣೆಯ ಬೀಗ ಮುಟ್ಟದೆಯೇ ಕೂಗಿಬಿಟ್ಟೆ. ನನ್ನ ಕೂಗು ನಂಬಿ ಜೊತೆಯ ಕಾವಲಿನವ ಮೀಸೆಯಣ್ಣ ಪಾಳಿ ವಹಿಸಿಕೊಂಡ. ಬೆಳಿಗ್ಗೆ ಕೈದಿ ಇರಲಿಲ್ಲ, ಬೀಗ ಮುರಿದಿರಲಿಲ್ಲ. ದೇವರೇ ಬಿಡಿಸಿದ ಎಂದು ಕೈದಿಯ ತಾಯಿ ಊರೆಲ್ಲ ಹೇಳಿಕೊಂಡು ತಿರುಗಿದಳು. ಲಂಚ ತಿಂದು ಕೈದಿಯನ್ನು ಬಿಟ್ಟ ಎಂದು ಮೀಸೆಯಣ್ಣನನ್ನು ಅದೇ ಕೋಣೆಗೆ ಹಾಕಿದರು. ಅಲ್ಲೇ ಸತ್ತ.

ಒಮ್ಮೆ ಮಾತ್ರ ಕಂಬಿಯ ಹಿಂದಿನಿಂದ ಕೇಳಿದ್ದ, "ನೀನು ಎಳೆದು ನೋಡಿದ್ದೆ ತಾನೇ?"

"ಹೂಂ" ಅಂದೆ.

"ಹಾಗಾದ್ರೆ ದೇವರದೇ ಕೆಲಸ ಕಣೋ" ಎಂದು ನಕ್ಕ. ನನ್ನನ್ನು ಅಷ್ಟು ನಂಬಿದ್ದ.

ಮುಂಬಾಗಿಲ ಚಿಲಕ ಈಗಾಗಲೇ ಎರಡು ಸಲ ಎಳೆದು ನೋಡಿ ಬಂದಿದ್ದೇನೆ. ನಾಳೆ ಆ ಮಗು ಕಾವಲಿನವರದೇನು ತಪ್ಪು ಎಂದು ಮತ್ತೆ ಕೇಳಿದರೆ, ತಪ್ಪು ನನ್ನದೆಂದು ಯಾವ ಬಾಯಿಂದ ಹೇಳಲಿ?